ಅಕ್ಕನ ಊರಿನ ಹನ್ನೊಂದು ಮಂದಿ

ನನ್ನ ಅಕ್ಕ ಒಂದು ಊರು ಕಟ್ಟಿದ್ದಳು. ಆಸ್ಪತ್ರೆಗೆ ಹೋಗುವಾಗ ಅದನ್ನು ನನಗೆ ಒಪ್ಪಿಸಿ, "ಒಂಬತ್ತು ದಿವಸ ನೋಡ್ಕೋ" ಎಂದು ಹೇಳಿ ಹೋದಳು. ನಾನು ನೋಡಿಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಾನು ಅಕ್ಕನ ಮೇಲೆ ಸಿಟ್ಟಿನಲ್ಲಿ ಬಹಳಷ್ಟು ಹೇಳುವವನಿದ್ದೇನೆ. ಅದನ್ನು ಓದಿ ನೀವು ನನ್ನನ್ನೇ ನಿರಪರಾಧಿಯೆಂದು ತಿಳಿದುಬಿಟ್ಟರೆ ಕಷ್ಟ.

ಊರು ಎಂದೆನೆಂದು ಆಳಂದದ ಸುತ್ತಮುತ್ತ ಹುಡುಕಬೇಡಿ. ಅದು ಇರುವುದು ಅಕ್ಕನ ಕಂಪ್ಯೂಟರಿನೊಳಗೆ. ಅಕ್ಕನದು ಆಳಂದದಲ್ಲಿ ಝೆರಾಕ್ಸ್ ಅಂಗಡಿ. ಅರ್ಜಿ ಟೈಪು ಮಾಡುತ್ತಾಳೆ, ಪಹಣಿ ತೆಗೆದುಕೊಡುತ್ತಾಳೆ, ಆಧಾರ ಕಾರ್ಡಿನ ಮೇಲೆ ಮುಖ ಕಾಣದವರಿಗೆ ಸಮಾಧಾನ ಹೇಳುತ್ತಾಳೆ. ಅಂಗಡಿಯ ಹಿಂದೆ ಒಂದು ಖೋಲಿ, ಅದೇ ಮನೆ. ವಯಸ್ಸು ಐವತ್ತೆರಡು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಆವತ್ತು ಕರೆಂಟ್ ಇದ್ದಿದ್ದಿಲ್ರಿ" ಎನ್ನುತ್ತಾಳೆ. ಕೇಳಿದವರು ಝೆರಾಕ್ಸ್ ತೆಗೆದುಕೊಂಡು ಹೋಗುತ್ತಾರೆ.

ನಾನು ಅವಳ ಒಬ್ಬನೇ ತಮ್ಮ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಈಗ ಮೂರು ಗಾಲಿಯ ಟಂಟಂ ಮೇಲೆ ಸಾಮಾನು ಹೇರಿಕೊಂಡು ಅಫಜಲಪುರ, ಜೇವರ್ಗಿ, ಒಮ್ಮೊಮ್ಮೆ ಯಡ್ರಾಮಿಯವರೆಗೂ ಹೋಗುತ್ತೇನೆ. ಹತ್ತೂರಿನ ಮಂದಿಯನ್ನು ಕಂಡವನು ನಾನು. ಲೋಕ ಮುಳುಗಿದ ಮೇಲೂ ಅಂಗಳದ ಕಸ ಹೊಡೆಯುವ ಹೆಂಗಸು ಎಲ್ಲಾದರೂ ಇದ್ದರೆ ಅದು ನನ್ನ ಅಕ್ಕ ಒಬ್ಬಳೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಅಂಗಡಿಗೆಂದು ಕಲಬುರಗಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದಳು. ಅದರಲ್ಲಿ ಹಿಂದಿನವರು ಹಾಕಿಕೊಂಡಿದ್ದ ಆಟವೊಂದು ಹಾಗೆಯೇ ಉಳಿದಿತ್ತು. ಆ ಆಟದಲ್ಲಿ ಬಾಂಬು ಬಿದ್ದು ಲೋಕವೆಲ್ಲ ಸುಟ್ಟುಹೋಗಿದೆ. ಅಲ್ಲೊಬ್ಬರು ಇಲ್ಲೊಬ್ಬರು ಬದುಕಿದ್ದಾರೆ. ಆಡುವವರು ಬಂದೂಕು ಹಿಡಿದು ಎಲ್ಲಿ ಬೇಕಾದರೂ ತಿರುಗಬಹುದು, ಯಾರನ್ನು ಬೇಕಾದರೂ ಕೊಲ್ಲಬಹುದು, ಕಡೆಗೆ ದೂರದ ಗುಡ್ಡದಾಚೆಯ ವಿಷದ ಕಾರ್ಖಾನೆಯೊಂದನ್ನು ಮುಚ್ಚಿಸಬೇಕು. ಅಲ್ಲಿಗೆ ಆಟ ಮುಗಿಯುತ್ತದೆ. ಅಕ್ಕ ಅದನ್ನು ಮೂರು ವರ್ಷದಿಂದ ಆಡುತ್ತಿದ್ದಾಳೆ. ಗುಡ್ಡದ ಕಡೆಗೆ ತಲೆಯನ್ನೂ ತಿರುಗಿಸಿಲ್ಲ.

"ಕಾರ್ಖಾನಿ ಮುಚ್ಚಾಕ ಯಾವಾಗ ಹೋಗ್ತಿ ಅಕ್ಕಾ?" ಎಂದು ಕೇಳಿದೆ.

"ಹೋಗೂಣಂತ ತಡಿ. ಮದಲ ಇವರಿಗೆ ನೀರಿಂದೊಂದು ಬಂದೋಬಸ್ತ್ ಆಗ್ಲಿ."

ಇವರು ಎಂದರೆ ಹನ್ನೊಂದು ಮಂದಿ. ಮುರುಕು ಪೆಟ್ರೋಲ್ ಪಂಪೊಂದರಲ್ಲಿ ಅವರನ್ನು ಕೂಡಿಹಾಕಿ, ತಗಡಿನ ಗುಡಿಸಲು ಕಟ್ಟಿಕೊಟ್ಟು, ಕುಂಬಳಬಳ್ಳಿ ಹಬ್ಬಿಸಿ, ವಿಷಕ್ಕೆ ಮೂರು ಕಣ್ಣು ಮೂಡಿದ್ದ ಆಡೊಂದನ್ನು ಸಾಕಿಕೊಂಡಿದ್ದಳು. ಅವರಲ್ಲೊಬ್ಬ ಯಾವಾಗಲೂ ಕೆಮ್ಮುವ ಮುದುಕ. ಒಬ್ಬ ಹೆಣ್ಣುಮಗಳು ಮೂರು ವರ್ಷದಿಂದ ಅದೇ ಗೋಡೆಗೆ ಅದೇ ಮೊಳೆ ಹೊಡೆಯುತ್ತಿದ್ದಾಳೆ. ಗೋಡೆಯೂ ಬಿದ್ದಿಲ್ಲ, ಮೊಳೆಯೂ ಹೊಕ್ಕಿಲ್ಲ. ಬಾಗಿಲಲ್ಲಿ ಒಬ್ಬ ಸುಮ್ಮನೆ ನಿಂತಿರುತ್ತಾನೆ. "ಇವನ್ನ ನೋಡಿದಾಗೊಮ್ಮೆ ನೀ ನೆನಪಾಗ್ತಿ" ಎಂದು ಅಕ್ಕ ಒಮ್ಮೆ ಹೇಳಿದಳು. ಯಾಕೆಂದು ಕೇಳಿದ್ದೇ ನನ್ನ ತಪ್ಪು. "ಕೆಲಸದಾಗ ಇದ್ದಂಗ ಕಾಣ್ತಾನ, ಖರೇ ಕೆಲಸ ಏನೂ ಇಲ್ಲ."

ಲೋಕವೇ ಸುಟ್ಟಿರುವಾಗ ಆಟ ಆಡುವ ಬೇರೆಯವರು ಮದ್ದುಗುಂಡು ಹುಡುಕುತ್ತಾರೆ. ಇವಳು ಸೀದ ಬೋಗುಣಿ, ಹಿಡಿ ಮುರಿದ ತವೆ, ಒಂಟಿ ಚಪ್ಪಲಿ ಆರಿಸುತ್ತಾಳೆ. ಬೆನ್ನಿನ ಚೀಲ ತುಂಬಿದರೆ ಆ ಆಟದಲ್ಲಿ ಓಡಲು ಬರುವುದಿಲ್ಲ, ನಡೆಯಲಷ್ಟೇ ಬರುತ್ತದೆ. ನಾನು ಊಟದ ಹೊತ್ತಿಗೆ ಬಂದರೆ ಅಕ್ಕ ಪರದೆಯ ಮೇಲೆ ಬಸುರಿಯಂತೆ ಹೆಜ್ಜೆಯಿಡುತ್ತಿರುತ್ತಾಳೆ.

"ಇಷ್ಟು ಹೇರಿದ್ರ ನನ್ನ ಟಂಟಂ ಚೌಡಾಪುರ ದಾಟೂದ್ರಾಗ ಎಕ್ಸೆಲ್ ಮುರೀತದ. ಆ ಒಂಟಿ ಚಪ್ಲಿ ಒಗಿ ಅಕ್ಕಾ."

"ಒಗದ ಮ್ಯಾಲೆ ಜೋಡಿ ಸಿಕ್ಕರ?"

ಹಸಿದ ಹೊಟ್ಟೆಯಲ್ಲಿ ಕೂತು ನಾನು ಆ ಚಪ್ಪಲಿಯ ಜೋಡಿ ಸಿಗಲೆಂದು ಹಾರೈಸಬೇಕಾಯಿತು.

ಗಿರಾಕಿಗಳ ಪಾಡು ಬೇರೆ. ಖಜೂರಿಯಿಂದ ಒಬ್ಬ ಮುದುಕ ಪಹಣಿ ತೆಗೆಸಲು ಬಂದಿದ್ದ. ಅಕ್ಕ ಕಣ್ಣು ತಿರುಗಿಸದೆ ಹೇಳಿದಳು. "ಕಾಕಾ, ಜರಾ ಕುಂದರ್ರಿ. ಊರಿಗೆ ಕಳ್ಳರು ಬಂದಾರ."

ಮುದುಕ ಹೌಹಾರಿ ರಸ್ತೆಯ ಕಡೆ ನೋಡಿದ. "ಎಲ್ಲಿ ಬೇ?"

"ಇಲ್ಲಿ, ಇದರಾಗ."

ಮುದುಕ ಕನ್ನಡಕ ಹಾಕಿಕೊಂಡು ಹತ್ತಿರ ಬಂದ. ಬೇರೆ ಯಾರಾದರೂ ಆಗಿದ್ದರೆ ಬೈದು ಎದ್ದು ಹೋಗುತ್ತಿದ್ದರು. ಇವನು "ಮದಲ ಬಾಗಲಾ ಹಾಕ್ಕೋ" ಎಂದ. ಅಕ್ಕ ಹಾಕಿಕೊಂಡಳು. ಅವಳ ಹತ್ತಿರ ಬಂದೂಕಿತ್ತು, ಗುಂಡೂ ಇದ್ದವು. ಆದರೆ ಒಂದು ದಿನವೂ ಹಾರಿಸಿದವಳಲ್ಲ. ಬಾಗಿಲು ಹಾಕಿಕೊಂಡು, ಬಂದವರಿಗೆ ಬೇಸರವಾಗಿ ಹೋಗುವವರೆಗೆ ಕೂತಿರುವುದು ಅವಳ ಯುದ್ಧ. ಅಷ್ಟರಲ್ಲಿ ಮುದುಕನ ಕಣ್ಣು ಹೊಲದ ಮೇಲೆ ಬಿತ್ತು. "ಭೂಮಿ ಹಿಂಗ ಕರ್ರಗ ಅದ, ಕುಂಬಳ ಯಾಕ ಹಾಕೀದಿ? ತೊಗರಿ ಹಾಕಬೇಕಾಗಿತ್ತು." ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಪಹಣಿ ಮರೆತು ಹೋದ. ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. "ಪಹಣಿ ಬಿಟ್ಟು ಹೋಗಿದ್ರಿ ನೋಡ್ರಿ" ಎಂದೆ. "ಪಹಣಿ ಇರ್ಲಿ ಬಿಡು ತಮ್ಮಾ, ಕಳ್ಳರು ಹೋದ್ರೇನು?"

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಆಟ ನಿಲ್ಲಿಸುವಾಗ ಅಲ್ಲಿಯವರೆಗಿನದನ್ನೆಲ್ಲ ಸೇವ್ ಮಾಡಿಡಬೇಕು. ಬೇಕೆಂದರೆ ಹತ್ತು ಕಡೆ ಇಡಬಹುದು. ಒಂದು ಕೆಟ್ಟರೆ ಹಿಂದಿನದರಿಂದ ಮತ್ತೆ ಶುರು. ತಾಲೂಕಿನ ಮಂದಿಗೆಲ್ಲ "ಮೂರು ಪ್ರತಿ ಇಟ್ಕೊರ್ರಿ, ನಾಳಿ ಯಾರು ಕೇಳ್ತಾರೋ" ಎಂದು ಬುದ್ಧಿ ಹೇಳುವ ಈ ಹೆಂಗಸು ತನ್ನ ಊರಿಗೆ ಇಟ್ಟುಕೊಂಡದ್ದು ಒಂದೇ ಪ್ರತಿ. ಹಳೆಯದರ ಮೇಲೆ ಹೊಸದು.

"ಇನ್ನೊಂದು ಇಟ್ಟರ ಏನು ಗಂಟು ಹೋಗ್ತದ?" ಎಂದು ಜಗಳ ತೆಗೆದೆ.

"ಇದು ಜಿಂದಗಿ ಅದ ಲೇ, ಝೆರಾಕ್ಸ್ ಅಲ್ಲ."

ಹೀಗಿರುವಾಗ ಅಕ್ಕನ ಪಿತ್ತಕೋಶದಲ್ಲಿ ಹರಳು ಕಂಡು, ಕಲಬುರಗಿಯಲ್ಲಿ ಆಪರೇಷನ್ ಎಂದಾಯಿತು. ನನ್ನ ಹೆಂಡತಿ ಜೊತೆಗೆ ಹೊರಟಳು. ಅಕ್ಕ ನನ್ನನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ಮಗ್ಗಿ ಕಲಿಸಿದಂತೆ ಕಲಿಸಿದಳು. ದಿನಾ ಒಂದು ತಾಸು ಒಳಗೆ ಹೋಗಬೇಕು, ಬಾವಿ ನೋಡಬೇಕು, ಬಳ್ಳಿಯಿಂದ ಕುಂಬಳಕಾಯಿ ಹರಿದು ಪೆಟ್ಟಿಗೆಗೆ ಹಾಕಬೇಕು, ಮುದುಕನನ್ನು ಒಮ್ಮೆ ಮಾತಾಡಿಸಬೇಕು. "ಕಡೀಕ ಇದೊಂದು ಒತ್ತಿ ಸೇವ್ ಮಾಡು. ಏನು ಮರ್ತರೂ ಇದನ್ನ ಮರೀಬ್ಯಾಡ."

"ಮಷೀನ್ ಬಂದ್ ಇದ್ದಾಗ ಅಲ್ಲಿ ಏನೂ ಆಗೂದಿಲ್ಲಂತ ಅಕ್ಕಾ. ಎಲ್ಲಾರೂ ಇದ್ದಲ್ಲೇ ಇರ್ತಾರಂತ."

"ಹಂಗಂತ ಹೇಳವ್ರು ಒಳಗ ಹೋಗಿ ನೋಡ್ಯಾರೇನು?"

ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಅವಳ ಬಸ್ಸು ಹೊರಟ ಮೇಲೆ ನಾಲ್ಕು ದಿನ ಅಂಗಡಿಯ ಬೀಗವನ್ನೇ ತೆಗೆಯಲಿಲ್ಲ. ಒಂಬತ್ತೂ ದಿನ ಹಾಗೆಯೇ ಇದ್ದಿದ್ದರೆ ಆ ಹನ್ನೊಂದು ಮಂದಿ ಇವತ್ತಿಗೂ ಇರುತ್ತಿದ್ದರು. ನಾನು ಪೂರಾ ಆಲಸಿಯಾಗದೆ ಅರ್ಧ ಆಲಸಿಯಾದೆ, ಅದೇ ಘಾತವಾಯಿತು.

ಐದನೆಯ ದಿನ ಹೆಂಡತಿ ಫೋನು ಮಾಡಿದಳು. "ಡಾಕ್ಟರ್ ಸಾಹೇಬ್ರು ಮನ್ಯಾಗ ಯಾರ್ಯಾರು ಅದಾರಂತ ಕೇಳಿದ್ರ, ಅಕ್ಕಾರು ಹನ್ನೊಂದು ಮಂದಿ, ಒಂದು ಆಡು, ಆಡಿಗೆ ಮೂರು ಕಣ್ಣು ಅಂದುಬಿಟ್ರು. ಈಗ ತಲಿದೊಂದು ಫೋಟೋ ತಗೀಬೇಕಂತಾರ." ಹಿಂದಿನಿಂದ ಅಕ್ಕನ ದನಿ ಬಂತು. "ಕುಂಬಳಕಾಯಿ ಹರದಿಯೇನು? ಬಿಟ್ಟರ ಕೊಳೀತಾವ." ಹೊಟ್ಟೆಗೆ ಹೊಲಿಗೆ ಬಿದ್ದವಳ ದನಿ ಅದು. ನನಗೆ ನಾಚಿಕೆಯಾಯಿತು. ಅಂಗಡಿ ತೆಗೆದು, ಆಟದೊಳಗೆ ಹೋದೆ.

ಕಾಯಿ ಹರಿಯಲು ಒತ್ತುವುದು ಯಾವುದು, ಬಂದೂಕಿಗೆ ಒತ್ತುವುದು ಯಾವುದು ಎಂಬುದು ನಾಲ್ಕು ದಿನದಲ್ಲಿ ಮರೆತುಹೋಗಿತ್ತು. ಬಾಗಿಲಲ್ಲಿ ನಿಂತಿದ್ದ, ನನ್ನನ್ನು ಹೋಲುವ ಮನುಷ್ಯ ಬಿದ್ದ. ಮಿಕ್ಕವರೆಲ್ಲ ಸಿಟ್ಟಾಗಿ ನನ್ನ ಮೇಲೆ ಬಂದರು. ಮೊಳೆಯ ಹೆಣ್ಣುಮಗಳು ಮೂರು ವರ್ಷದಲ್ಲಿ ಮೊದಲ ಸಲ ಗೋಡೆ ಬಿಟ್ಟು, ಸುತ್ತಿಗೆ ಎತ್ತಿಕೊಂಡು ಬಂದಳು. ಹೆದರಿ ಕೈಗೆ ಸಿಕ್ಕದ್ದನ್ನೆಲ್ಲ ಒತ್ತಿದೆ. ಟಂಟಂನಲ್ಲಿ ಬ್ರೇಕ್ ಎಂದು ಎಕ್ಸಿಲೇಟರ್ ಒತ್ತಿದಂತೆ. ಕಡೆಗೆ ಮುದುಕನ ಕೆಮ್ಮು ನಿಂತಿತು. ಅಂಗಳದಲ್ಲಿ ನಾನು, ಕುಂಬಳಕಾಯಿ, ಮೂರು ಕಣ್ಣಿನ ಆಡು. ಆಡು ಮೂರೂ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.

ಆಮೇಲೆ ಸೇವ್ ಮಾಡಿದೆ, ಇದ್ದೊಂದು ಪ್ರತಿಯ ಮೇಲೆಯೇ. ಅಕ್ಕ ಹೇಳಿದ್ದರಲ್ಲಿ ನಾನು ತಪ್ಪದೆ ಮಾಡಿದ್ದು ಅದೊಂದನ್ನೇ.

ಮುಂದಿನ ನಾಲ್ಕು ದಿನ ದಿನವೂ ಅಕ್ಕನ ಫೋನು. "ಮುದುಕನ ಕೆಮ್ಮು ಹ್ಯಾಂಗದ?" "ಕಡಿಮಿ ಆಗ್ಯಾದ." ಇದರಲ್ಲಿ ಸುಳ್ಳೇನಿದೆ ಹೇಳಿ? "ಅವರವರು ಜಗಳ ಆಡ್ತಾರೇನು?" "ಇಲ್ಲಕ್ಕ, ಭಾಳ ಶಾಂತ ಅದಾರ."

ಅಕ್ಕ ಬಂದಳು. ನಡುವಿಗೆ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು ನಡೆದು, ಖೋಲಿಗೂ ಹೋಗದೆ ಕಂಪ್ಯೂಟರಿನ ಮುಂದೆ ಕೂತಳು. ನಾನು ಹೊರಗೆ ಟಂಟಂ ಒರೆಸುತ್ತ ನಿಂತೆ. ಒರೆಸಿದ ಜಾಗವನ್ನೇ ಒರೆಸಿದೆ. ಒಳಗಿನಿಂದ ಅಕ್ಕ ಕೇಳಿದಳು. "ಯಾರು ಬಂದಿದ್ರು?"

"ಕಳ್ಳರಕ್ಕ. ಭಾಳ ಮಂದಿ ಬಂದಿದ್ರು."

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬಂದೂಕು ತೆಗೆದು ನೋಡಿ, "ಇದ್ದ ಗುಂಡೆಲ್ಲಾ ಹಾರ್ಸಿ ಕಾದಾಡೀದಿ, ಪಾಪ. ನೀ ಒಬ್ಬನೇ ಆದಿ" ಎಂದಳು. "ಅಂಜಿದ್ಯೇನು?" ಎಂದೂ ಕೇಳಿದಳು. ಇಷ್ಟು ದೊಡ್ಡ ಸುಳ್ಳನ್ನು ಒಂದೇ ತುತ್ತಿಗೆ ನುಂಗುವವರನ್ನು ಏನೆನ್ನಬೇಕು? ಸುಳ್ಳು ಹೇಳಿದವನಿಗಿಂತ ನಂಬಿದವರ ಮೇಲೇ ನನಗೆ ಸಿಟ್ಟು ಬಂತು.

ಇದು ಹೊಸದೂ ಅಲ್ಲ. ಏಳನೇ ಇಯತ್ತೆಯಲ್ಲಿ ಶಾಲೆಗೆ ಹೋಗಲು ಬೇಸರವಾಗಿ, ಮಾಸ್ತರರು ಹೊಡೆಯುತ್ತಾರೆಂದು ಅಕ್ಕನಿಗೆ ಹೇಳಿದ್ದೆ. ಅವಳು ಶಾಲೆಗೆ ಬಂದು, ಎಲ್ಲ ಮಕ್ಕಳ ಮುಂದೆ ಆ ಮಾಸ್ತರರನ್ನು ಬಾಯಿಗೆ ಬಂದಂತೆ ಬೈದಳು. ಅವರು ಕೈಯಲ್ಲಿ ಸೀಮೆಸುಣ್ಣ ಹಿಡಿದು ನನ್ನ ಮುಖವನ್ನೇ ನೋಡಿದರು. ಅವರು ನನ್ನನ್ನು ಯಾವತ್ತೂ ಮುಟ್ಟಿದವರಲ್ಲ. ಈಗಲೂ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಅವರು ಕಂಡರೆ ನಾನು ಟಂಟಂ ತಿರುಗಿಸಿಕೊಂಡು ಹೋಗುತ್ತೇನೆ.

ಅಕ್ಕ ಮೂರು ದಿನ ಅಂಗಡಿಯ ಕೆಲಸ ಮುಟ್ಟಲಿಲ್ಲ. ಒಂದು ಗುಂಡೂ ಹಾರಿಸದಿದ್ದ ಹೆಂಗಸು ಎಲ್ಲೆಲ್ಲೋ ಹುಡುಕಿ ಗುಂಡು ತಂದು ಬಂದೂಕು ತುಂಬಿಕೊಂಡಳು. ಬೋಗುಣಿ, ತವೆ, ಒಂಟಿ ಚಪ್ಪಲಿ ಎಲ್ಲವನ್ನೂ ಕೆಳಗೆ ಚೆಲ್ಲಿದಳು. ಹಗುರಾಗಿ ಓಡಿದಳು, ಕಳ್ಳರ ಬೆನ್ನು ಹತ್ತಿ.

ಮೂರನೆಯ ದಿನ ನನ್ನ ಹೆಂಡತಿ ಅವಳ ಖೋಲಿಗೆ ಹೋಗಿ ಬಂದು ಹೇಳಿದಳು. "ಅಕ್ಕಾರು ಬಂದಾಗಿಂದ ಒಲಿ ಹಚ್ಚಿಲ್ಲ. ನಾ ಒಯ್ದದ್ದೂ ಹಂಗೇ ಅದ. ಬರೇ ಚಾ, ಅದರಾಗ ಎರಡು ಬಿಸ್ಕೀಟ್. ಹೊಲಗಿ ಹಸಿ ಅದಾವ, ಹಿಂಗಾದ್ರ ಹ್ಯಾಂಗ? ನಾ ಬುತ್ತಿ ಕಟ್ಟತೇನಿ, ಈ ಸಲ ನೀವು ಒಯ್ರಿ."

ಬುತ್ತಿ ಎಂದ ಕೂಡಲೇ ನನಗೆ ತಿಳಿಯಿತು. ನಮ್ಮ ಮನೆತನದಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಹತ್ತಿರದವರು ಬುತ್ತಿ ತರುತ್ತಾರೆ. ತಂದವರು ಮೊದಲ ತುತ್ತನ್ನು ತಮ್ಮ ಕೈಯಾರೆ ತಿನ್ನಿಸಬೇಕು. ಅಲ್ಲಿಯವರೆಗೆ ಸತ್ತವರ ಕಡೆಯವರು ಉಣ್ಣುವಂತಿಲ್ಲ. ಅಕ್ಕ ತನ್ನ ಹನ್ನೊಂದು ಮಂದಿಗೆ ಸೂತಕ ಹಿಡಿದಿದ್ದಳು. ಮೆತ್ತಗಿನ ರೊಟ್ಟಿ, ಬೇಳೆ, ಮೊಸರನ್ನ ಕಟ್ಟಿದ ಗಂಟನ್ನು ಹೆಂಡತಿ ನನ್ನ ಕೈಗೆ ಕೊಟ್ಟಳು. ಕೊಂದವನೇ ಬುತ್ತಿ ಹೊತ್ತುಕೊಂಡು ಹೋದದ್ದು ನನ್ನ ಟಂಟಂ ತಿರುಗುವ ತಾಲೂಕುಗಳಲ್ಲೆಲ್ಲ ನನಗೆ ತಿಳಿದಂತೆ ಇದೇ ಮೊದಲು.

ನಾನು ಹೋದಾಗ ಅಕ್ಕ ಪರದೆಯ ಮೇಲೆ ಒಂದು ಬಂಡೆಯ ಮರೆಯಲ್ಲಿ ಕೂತಿದ್ದಳು. ಮುಂದೆ ಒಂದು ಬೆಂಕಿ. ಅದರ ಸುತ್ತ ನಾಲ್ಕು ಮಂದಿ. ಒಬ್ಬ ಹೆಂಗಸು ಪಾತ್ರೆಯಲ್ಲಿ ಏನನ್ನೋ ತಿರುವುತ್ತಿದ್ದಳು. ಬಂದೂಕಿನ ಗುರಿ ಅವಳ ಬೆನ್ನಿನ ಮೇಲಿತ್ತು.

"ಬಾ ಇಲ್ಲಿ" ಎಂದಳು ಅಕ್ಕ ಮೆಲ್ಲಗೆ, ಅವರಿಗೆ ಕೇಳಿಸಬಾರದೆಂಬಂತೆ. "ನಾ ಅವರನ್ನ ನೋಡಿಲ್ಲ. ನೀ ನೋಡೀದಿ. ಇವರೇ ಏನು ಹೇಳು."

ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕ ಗುಂಡು ಹಾರಿಸುತ್ತಿದ್ದಳು, ಸೂತಕ ಕಳೆಯುತ್ತಿತ್ತು, ಊಟ ಮಾಡುತ್ತಿದ್ದಳು. ನನ್ನ ಸುಳ್ಳು ಖರೆಯಾಗಿಬಿಡುತ್ತಿತ್ತು. ಪಾತ್ರೆ ತಿರುವುತ್ತಿದ್ದ ಹೆಂಗಸು ಒಮ್ಮೆ ಈ ಕಡೆ ಮುಖ ಮಾಡಿದಳು. ಅವತ್ತು ಸೀಮೆಸುಣ್ಣ ಹಿಡಿದು ನಿಂತ ಮಾಸ್ತರರು ನನ್ನನ್ನು ನೋಡಿದ್ದೂ ಹಾಗೆಯೇ.

"ಇವರಲ್ಲ" ಎಂದೆ.

"ಹಂಗಾದ್ರ ಯಾರು? ಯಾವ ಕಡಿ ಹೋದ್ರು?"

ಬುತ್ತಿಯ ಗಂಟು ಬಿಚ್ಚಿದೆ. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ತುತ್ತು ಹಿಡಿದೆ. ಅದು ಅವಳ ಬಾಯಿಯವರೆಗೆ ಹೋಗಲಿಲ್ಲ, ನಡುವೆಯೇ ಕೈ ನಿಂತಿತು. ಅಕ್ಕ ಬಂದೂಕಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. ಐವತ್ತೆರಡು ವರ್ಷದ ಆ ಮುಖ ಈಗಲೂ, ನಾನು ಏನು ಹೇಳಿದರೂ ನಂಬಲು ತಯಾರಾಗಿ ಕೂತಿತ್ತು.

"ಅಕ್ಕಾ, ಯಾವ ಕಳ್ಳರೂ ಬಂದಿಲ್ಲ. ಕಾಯಿ ಹರಿಯಾಕ ಹೋಗಿ ನಾನೇ ಹೊಡದೇನಿ, ಹನ್ನೊಂದೂ ಮಂದೀನ. ನಿನ್ನ ಮೈಯಾಗ ಹೊಕ್ಕು, ನಿನ್ನ ಕೈಲೆ ಹೊಡದೇನಿ. ನೀನೇ ಹೊಡದಿ ಅಂತ ತಿಳಕೊಂಡು ಹೋದ್ರು ಅವರು. ಆ ಮಾಸ್ತರರೂ ನನಗ ಯಾವತ್ತೂ ಹೊಡದಿದ್ದಿಲ್ಲ. ತಪ್ಪಾತಕ್ಕಾ. ನಂದೇ ತಪ್ಪು."