ಹೆದರುವ ಆಂಟಿ ಮತ್ತು ನಲವತ್ತೊಂದು ಮಕ್ಕಳು

ನಮ್ಮ ಆಫೀಸಿನಲ್ಲಿ ಹೆದರುವುದಕ್ಕೆಂದೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ನಂಬುವುದಿಲ್ಲ ಅಲ್ಲವೇ? ಕಾಗದದ ಮೇಲೆ ಅವರ ಹುದ್ದೆಯ ಹೆಸರು ಬೇರೆಯೇ ಇದೆ: ವಿದೇಶಿ ವಿದ್ಯಾರ್ಥಿಗಳ ಸಹಾಯ ವಿಭಾಗದ ಮ್ಯಾನೇಜರ್. ಸ್ಕಾಲರ್‌ಶಿಪ್ ಪಡೆದು ನಾನಾ ದೇಶಗಳಿಂದ ಓದಲು ಬರುವವರ ಮನೆ, ವಿಮೆ, ವೀಸಾ ಕಾಗದ, ಜ್ವರ, ಮನೆಯ ನೆನಪು, ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ಮುಖ್ಯ ಕಚೇರಿ ವಾಷಿಂಗ್ಟನ್ ಹತ್ತಿರ. ಜಾರ್ಜಿಯಾ, ನಾರ್ತ್ ಮತ್ತು ಸೌತ್ ಕ್ಯಾರೊಲಿನಾ ರಾಜ್ಯಗಳಲ್ಲಿರುವ ನಲವತ್ತೊಂದು ಜನ ನಮ್ಮಿಬ್ಬರ ಪಾಲು. ಮ್ಯಾನೇಜರ್ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ ತಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಹೆದರುತ್ತಾರೆ. ನಾನು ಅಲ್ಫರೆಟಾದ ನನ್ನ ಅಪಾರ್ಟ್‌ಮೆಂಟಿನಲ್ಲಿ ಕೂತು ಆ ಭಯಗಳನ್ನೆಲ್ಲ ಮರ್ಯಾದಸ್ಥ ಇಮೇಲ್‌ಗಳನ್ನಾಗಿ ಮಾಡಿ ಕಳಿಸುತ್ತೇನೆ.

ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಹೆದರುತ್ತಾರೆ. ಮೈಸೂರಿನವರು, ನನ್ನ ಅಮ್ಮನಿಗಿಂತ ಎರಡು ವರ್ಷ ದೊಡ್ಡವರು. ಆನ್‌ಲೈನ್ ಮೀಟಿಂಗ್‌ಗಳಲ್ಲಿ ನಿನ್ನೆ ಮೊನ್ನೆ ಸೇರಿದವರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ಅದಕ್ಕೆ ನಾಲಿಗೆ ಹೊರಳುವುದಿಲ್ಲ. ಹಾಗಂತ ವಾಷಿಂಗ್ಟನ್ನಿನ ದೊಡ್ಡವರೆಲ್ಲ ಕೂತಿರುವಾಗ ಆಂಟಿ ಎನ್ನುವುದಾದರೂ ಹೇಗೆ? ಆದ್ದರಿಂದ ಐದಾರು ವರ್ಷದಿಂದ ಅವರ ಗಮನ ಸೆಳೆಯಬೇಕಾದಾಗಲೆಲ್ಲ ಒಮ್ಮೆ ಕೆಮ್ಮುತ್ತೇನೆ. ತಕ್ಷಣ ಫೋನಿಗೆ ಮೆಸೇಜ್ ಬರುತ್ತದೆ: "ಕೋವಿಡ್ ಟೆಸ್ಟ್ ಮಾಡಿಸ್ಕೊಂಡ್ಯಾ?"

ನಾನು ಈ ಕೆಲಸಕ್ಕೆ ಸೇರಿದ್ದು 2020ರಲ್ಲಿ, ಕ್ಯಾಂಪಸ್‌ಗಳೆಲ್ಲ ಬಾಗಿಲು ಹಾಕಿಕೊಂಡು ನಮ್ಮ ವಿದ್ಯಾರ್ಥಿಗಳು ಹಾಸ್ಟೆಲ್ ಕೋಣೆಗಳಲ್ಲಿ ಒಬ್ಬೊಬ್ಬರೇ ಸಿಕ್ಕಿಬಿದ್ದಿದ್ದ ಕಾಲದಲ್ಲಿ. ಆಂಟಿ ಎಲ್ಲರಿಗೂ ಒಂದೊಂದು ಥರ್ಮಾಮೀಟರ್ ಪೋಸ್ಟ್ ಮಾಡಿ, ಬೆಳಗ್ಗೆ ಒಂಬತ್ತರೊಳಗೆ ಜ್ವರದ ಅಂಕಿಯ ಫೋಟೋ ಕಳಿಸಬೇಕೆಂದು ಆಜ್ಞೆ ಹೊರಡಿಸಿದರು. ಘಾನಾ ದೇಶದಿಂದ ಬಂದಿದ್ದ ಕೃಷಿ ವಿಜ್ಞಾನಿಯೊಬ್ಬ ಎರಡನೆಯ ದಿನವೇ ಬೇಸತ್ತು, ಮೊದಲ ದಿನದ ಫೋಟೋವನ್ನೇ ಹನ್ನೊಂದು ದಿನ ಕಳಿಸಿದ. ಹನ್ನೆರಡನೆಯ ದಿನ ಆಂಟಿ ನನಗೆ ಫೋನ್ ಮಾಡಿದರು. ಸಿಕ್ಕಿಬಿದ್ದ ಪಾಪ ಎಂದುಕೊಂಡೆ.

"ಫೋಟೋದಲ್ಲಿ ಅವನ ಕಿಟಕಿ ಆಚೆ ಒಂದು ಅಳಿಲಿದೆ ನೋಡು. ಹನ್ನೊಂದು ದಿನದಿಂದ ಅಲ್ಲಾಡೇ ಇಲ್ಲ. ಏನಾಗಿರಬಹುದೋ ಅದಕ್ಕೆ?"

ಇನ್ನು ಅವರ ಏರ್‌ಪೋರ್ಟ್ ತಾಲೀಮು. ಹೊಸಬರು ವಿಮಾನ ಹತ್ತುವ ಮೊದಲು ಆಂಟಿ ವಿಡಿಯೋ ಕಾಲ್‌ನಲ್ಲಿ ಇಮಿಗ್ರೇಶನ್ ಅಧಿಕಾರಿಯಾಗುತ್ತಾರೆ. ಡಾಕ್ಟರ್ ಅಂಕಲ್ ಅವರ, ಅಂದರೆ ತಮ್ಮ ಯಜಮಾನರ, ಕಪ್ಪು ಕೋಟು ಹಾಕಿಕೊಂಡು ಹುಬ್ಬು ಗಂಟಿಕ್ಕಿ ಮೂವತ್ತು ಪ್ರಶ್ನೆ ಕೇಳುತ್ತಾರೆ. ಉತ್ತರ ತಡವರಿಸಿದರೆ ಮತ್ತೆ ಮೊದಲಿನಿಂದ ಶುರು. ಮಂಗೋಲಿಯಾದ ಶಿಕ್ಷಕಿಯೊಬ್ಬಳು ಈ ತಾಲೀಮನ್ನು ನಾಲ್ಕು ಸಲ ಮುಗಿಸಿ ಅಟ್ಲಾಂಟಾದಲ್ಲಿ ಇಳಿದಳು. ನಿಜವಾದ ಅಧಿಕಾರಿ ನಗುತ್ತಾ, ಪ್ರಯಾಣ ಹೇಗಿತ್ತಮ್ಮ ಎಂದನಂತೆ. ಇವಳು ಬೆವತುಹೋದಳು. ಮೂವತ್ತು ಪ್ರಶ್ನೆಗಳಲ್ಲಿ ಅದು ಇರಲೇ ಇಲ್ಲವಲ್ಲ!

ಇವೆಲ್ಲಕ್ಕೂ ಕಳಶವಿಟ್ಟಂತೆ ಇದ್ದದ್ದು ಸ್ವಾಗತದ ದಿನದ ಸ್ಲೈಡ್‌ಗಳು. ಬೇರೆಯವರು ಆ ದಿನ ಹೂವಿನ ಚಿತ್ರ, ಬಾವುಟದ ಚಿತ್ರ ತೋರಿಸುತ್ತಾರೆ. ಆಂಟಿಯ ಏಳನೆಯ ಸ್ಲೈಡಿನಲ್ಲಿ ಎಡಗಡೆ ದೊಡ್ಡದಾಗಿ ಸಿ ಗ್ರೇಡ್, ಬಲಗಡೆ ಮೇಲೇರುತ್ತಿರುವ ವಿಮಾನ. ಅಷ್ಟೇ, ವಿವರಣೆ ಇಲ್ಲ. ಸಿ ಬಂದರೆ ದೇಶಕ್ಕೆ ವಾಪಸ್ ಎಂದು ನಿಯಮದಲ್ಲೇನೂ ಇರಲಿಲ್ಲ. ಅಂಕ ಕಡಿಮೆಯಾದರೆ ಒಂದು ಎಚ್ಚರಿಕೆಯ ಪತ್ರ, ಸುಧಾರಿಸಿಕೊಳ್ಳಲು ಒಂದು ಸೆಮಿಸ್ಟರ್. ನಾನು ಒಮ್ಮೆ, "ಆಂಟಿ, ಸ್ವಲ್ಪ ಜಾಸ್ತಿ ಆಯ್ತೇನೋ" ಎಂದೆ. "ಸ್ವಲ್ಪ ಹೆದರ್ಕೊಂಡಿದ್ರೆ ಓದ್ತಾರಪ್ಪ" ಎಂದರು. ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಕಾರು ಓಡಿಸುವ ವಿಷಯಕ್ಕೆ ಬಂದರೆ, ಇಪ್ಪತ್ತೆಂಟು ವರ್ಷ ಅಮೆರಿಕದಲ್ಲಿದ್ದೂ ಅವರು ಹೆದ್ದಾರಿಗೆ ಕಾರು ಇಳಿಸಿದವರಲ್ಲ. ಕಮ್ಮಿಂಗ್‌ನಿಂದ ನನ್ನ ಮನೆಗೆ 400ನೇ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ. ಇವರು ಒಳರಸ್ತೆಗಳಲ್ಲಿ, ಸ್ಕೂಲ್ ಬಸ್ಸುಗಳ ಹಿಂದೆ, ಐವತ್ತು ನಿಮಿಷಕ್ಕೆ ಬಂದು ಬೆವರು ಒರೆಸಿಕೊಳ್ಳುತ್ತಾರೆ. ದಾರಿಯಲ್ಲಿ ಲಾರಿ ಕಂಡರೆ ಯಾವುದಾದರೂ ಅಂಗಡಿಯ ಪಾರ್ಕಿಂಗ್‌ಗೆ ನುಗ್ಗಿ, ಅದು ಕಣ್ಮರೆಯಾಗುವವರೆಗೆ ಕಾಯುತ್ತಾರೆ. ಹೀಗೆ ಕಾಯುತ್ತಾ ಅವರು ಕೊಂಡ ಬೇಡದ ಸಾಮಾನುಗಳೇ ಒಂದು ಗರಾಜಿನ ತುಂಬ ಇವೆ.

ನಗುವುದು ಸುಲಭ. ಹೋದ ವರ್ಷ ಮಾತ್ರ ನನ್ನ ನಗುವೂ ಕಡಿಮೆಯಾಯಿತು. ವಿದೇಶಿ ವಿದ್ಯಾರ್ಥಿಗಳ ದಾಖಲೆಗಳು ಇದ್ದಕ್ಕಿದ್ದಂತೆ ರದ್ದಾಗುತ್ತಿವೆ ಎಂಬ ಸುದ್ದಿ ಪೇಪರುಗಳಲ್ಲಿ ಬರತೊಡಗಿತು. ಜೀವಮಾನವಿಡೀ ಆಂಟಿ ಹೆದರಿದ್ದೆಲ್ಲ ಇದಕ್ಕೇ ಪೂರ್ವಾಭ್ಯಾಸವೇನೋ ಎನ್ನುವಂತಿತ್ತು. ಬೆಳಗ್ಗೆ ಎಂಟಕ್ಕೆ ಸರ್ಕಾರದ ವೆಬ್‌ಸೈಟ್ ತೆರೆದು ಕೂರುತ್ತಿದ್ದೆವು. ಅವರು ಒಂದೊಂದೇ ಹೆಸರು ಓದುವರು, ನಾನು ಅದರ ಮುಂದಿನ ಸ್ಥಿತಿ ನೋಡಿ "ಇದೆ" ಎನ್ನಬೇಕು. ನಲವತ್ತೊಂದು ಸಲ "ಇದೆ" ಎಂದ ಮೇಲೇ ಕಾಫಿ. ಪುಟ ತೆರೆಯುವುದು ಒಂದು ಕ್ಷಣ ತಡವಾದರೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಭಯ ಅಂಟುರೋಗ ಎಂದು ಗೊತ್ತಾದದ್ದು ಆಗಲೇ.

ಆ ಶುಕ್ರವಾರ ನಾನು ಅವರ ಮನೆಯಲ್ಲಿದ್ದೆ. ಬ್ಯಾಡ್ಮಿಂಟನ್ ಆಡುವಾಗ ಬಿದ್ದು ಬಲಗೈ ಮುರಿದುಕೊಂಡಿದ್ದೆ. ಒಂಟಿ ಕೈಯಲ್ಲಿ ಮೆಟ್ಟಿಲು ಇಳಿಯುವಾಗ ಉರುಳಿಬಿಟ್ಟರೆ ಎಂದು ಹೆದರಿ, ಪ್ಲಾಸ್ಟರ್ ಬಿಚ್ಚುವ ತನಕ ಅಲ್ಲೇ ಇರಿಸಿಕೊಂಡಿದ್ದರು. ಅಂದು ಸೌತ್ ಕ್ಯಾರೊಲಿನಾದ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ, ತೆಗೆದುಕೊಂಡ ಕೋರ್ಸನ್ನು ಬಿಡಲು ಕೊನೆಯ ದಿನ. ಹೇಳದೆ ಕೇಳದೆ ಕೋರ್ಸ್ ಬಿಟ್ಟು ಒಂಬತ್ತು ಕ್ರೆಡಿಟ್‌ಗಿಂತ, ಅಂದರೆ ಮೂರು ಕೋರ್ಸಿಗಿಂತ, ಕೆಳಗಿಳಿದರೆ ವಿದ್ಯಾರ್ಥಿಯ ವೀಸಾ ಸ್ಥಿತಿಯೇ ಹೋಗುತ್ತದೆ, ಸ್ಕಾಲರ್‌ಶಿಪ್ ಅದರ ಹಿಂದೆಯೇ. ಹಾಗಾಗಿ ಇಂಥ ದಿನಗಳಲ್ಲಿ ಆಯಾ ಕ್ಯಾಂಪಸ್‌ನ ನಮ್ಮ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ವಿಚಾರಿಸುವುದು ಆಂಟಿಯ ನೇಮ. ಅಲ್ಲಿ ನಮ್ಮವರು ಅಂತ ಓದುತ್ತಿದ್ದದ್ದು ನೇಪಾಳದ ಒಬ್ಬ ನರ್ಸ್ ಮಾತ್ರ. ಗುಡ್ಡಗಾಡಿನ ಆಸ್ಪತ್ರೆಯಲ್ಲಿ ಆರು ವರ್ಷ ಹೆರಿಗೆ ಮಾಡಿಸಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಸ್ನಾತಕೋತ್ತರ ಓದಿಗೆ ಬಂದವಳು. ಮಾತು ಮುಗಿಸಿ ಫೋನ್ ಕೆಳಗಿಟ್ಟ ಆಂಟಿಯ ಮುಖ ಬಿಳಿಚಿತ್ತು.

"ಮೂರು ಸಲ ಫೈನ್ ಅಂದ್ಲು ಕಣೋ. ಒಂದು ಸಲ ಅಂದ್ರೆ ಫೈನೇ. ಮೂರು ಸಲ ಅಂದ್ರೆ ಏನೋ ಆಗಿದೆ."

ನಾನು ನಕ್ಕೆ. ಆದರೂ ಆ ಕ್ಯಾಂಪಸ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಸಲಹೆಗಾರನನ್ನು ಕೇಳಿದೆ. ರಜೆಯಲ್ಲಿದ್ದರೂ ಪಾಪ ಮನೆಯಿಂದಲೇ ನೋಡಿ ಮಧ್ಯಾಹ್ನ ಒಂದೂವರೆಗೆ ಫೋನ್ ಮಾಡಿದ: ಬೆಳಗ್ಗೆ ಅವಳು ಸಂಖ್ಯಾಶಾಸ್ತ್ರದ ಕೋರ್ಸ್ ಬಿಟ್ಟಿದ್ದಾಳೆ, ಈಗ ಆರೇ ಕ್ರೆಡಿಟ್. ಇವತ್ತು ಬಿಟ್ಟದ್ದನ್ನು ಇವತ್ತೇ ಸಂಜೆ ಐದರೊಳಗೆ ವಾಪಸ್ ತೆಗೆದುಕೊಳ್ಳಬಹುದು, ಏನೂ ಆಗಿಲ್ಲ ಎನ್ನುವ ಹಾಗೆ. ಆದರೆ ಅವಳ ಲಾಗಿನ್‌ನಿಂದ ಅವಳೇ ಒತ್ತಬೇಕು.

ಅವಳ ಫೋನ್ ಸ್ವಿಚ್ ಆಫ್. ಇಮೇಲ್‌ಗೆ ಉತ್ತರವಿಲ್ಲ. ಮೆಸೇಜ್‌ಗೆ ಒಂದೇ ಟಿಕ್, ತಲುಪಿಯೇ ಇಲ್ಲ.

"ಕ್ಯಾಂಪಸ್ ಪೊಲೀಸಿಗೆ ಹೇಳಿ ಬಾಗಿಲು ತಟ್ಟಿಸೋಣ್ವಾ ಆಂಟಿ?"

"ಹುಚ್ಚಾ ನಿಂಗೆ? ಈ ಟೈಮಲ್ಲಿ ಬಾಗಿಲಲ್ಲಿ ಯೂನಿಫಾರ್ಮ್ ಕಂಡ್ರೆ ಆ ಹುಡುಗಿ ಗತಿ ಏನು?"

ಡಾಕ್ಟರ್ ಅಂಕಲ್ ಆಸ್ಪತ್ರೆಯಲ್ಲಿದ್ದರು. ನನ್ನ ಕೈ ಪ್ಲಾಸ್ಟರಿನಲ್ಲಿತ್ತು. ಆಂಟಿ ಗೋಡೆಯ ಮೇಲಿದ್ದ ಕಾರಿನ ಕೀ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೀ ನೋಡಿದರು.

"ಒಳರಸ್ತೇಲಿ ಎಷ್ಟಾಗತ್ತೆ?"

"ನಾಲ್ಕು ಗಂಟೆ."

"85ನೇ ಹೈವೇಲಿ?"

"ಎರಡು ಚಿಲ್ಲರೆ."

ಅವರು ಚಪ್ಪಲಿ ತೆಗೆದು ಶೂ ಹಾಕಿಕೊಂಡರು.

ಹೆದ್ದಾರಿಗೆ ಸೇರುವ ತಿರುವಿನಲ್ಲಿ ಅವರು ಕಾರು ನಿಲ್ಲಿಸಿಯೇಬಿಟ್ಟರು. ಹಿಂದಿನವನು ಹಾರ್ನ್ ಒತ್ತಿದ. ಕಣ್ಣು ಮುಚ್ಚಿ ರಾಮ ರಾಮ ಎಂದು, ದೇವರ ದಯೆಯಿಂದ ಕಣ್ಣು ಬಿಟ್ಟು, ಒಳನುಗ್ಗಿದರು. ಸಿಕ್ಕಿದ್ದು ಕೋಳಿ ತುಂಬಿದ ಲಾರಿಯ ಹಿಂಭಾಗ. ಮುಂದಿನ ಮುಕ್ಕಾಲು ಗಂಟೆ ಅದೇ ನಮ್ಮ ಗುರು. ಪುಕ್ಕಗಳು ಗಾಜಿಗೆ ಬಡಿಯುತ್ತಿದ್ದವು, ಎಡಗಡೆ ದೊಡ್ಡ ದೊಡ್ಡ ಟ್ರಕ್‌ಗಳು ನಮ್ಮ ಕಾರನ್ನೇ ಅಲುಗಿಸಿ ಹೋಗುತ್ತಿದ್ದವು. ಆಂಟಿ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದರು. ನಾನು ಟ್ರಕ್‌ಗಳಿಗಿಂತ ಹೆಚ್ಚಾಗಿ ಗಡಿಯಾರಕ್ಕೆ ಹೆದರಿದ್ದೆ.

"ಆಂಟಿ, ಹೀಗೇ ಹೋದ್ರೆ ಐದೂಕಾಲು ಆಗತ್ತೆ."

ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಸದ್ದು ಕೇಳಿಸಿತು. ಇಂಡಿಕೇಟರ್! ನಾನು ಎಡಗೈಯಲ್ಲಿ ಸೀಟು ಹಿಡಿದುಕೊಂಡೆ. ಕಾರು ಪಕ್ಕಕ್ಕೆ ಸರಿದು, ನೂರಾರು ಕೋಳಿಗಳನ್ನು ಒಂದೊಂದಾಗಿ ಹಿಂದೆ ಹಾಕಿತು. ಆಂಟಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವ ಧೈರ್ಯ ಅವರಿಗಿರಲಿಲ್ಲ. ನಾನೇ ಟಿಶ್ಯೂ ತೆಗೆದು ಒರೆಸಿದೆ.

ನಾಲ್ಕು ನಲವತ್ತಕ್ಕೆ ಅವಳ ಕೋಣೆಯ ಬಾಗಿಲು ತಟ್ಟಿದೆವು. ಎರಡು ಸಲ ತಟ್ಟಿದರೂ ಸದ್ದಿಲ್ಲ. "ನಾನಮ್ಮಾ, ನಾನೊಬ್ಬಳೇ" ಎಂದು ಆಂಟಿ ಇಂಗ್ಲಿಷಿನಲ್ಲಿ ಕೂಗಿದರು, ನನ್ನನ್ನು ಲೆಕ್ಕದಿಂದ ಬಿಟ್ಟು. ಬಾಗಿಲು ತೆರೆಯಿತು. ಅರ್ಧ ತುಂಬಿದ ಸೂಟ್‌ಕೇಸ್ ಹಾಸಿಗೆಯ ಮೇಲಿತ್ತು. ಹುಡುಗಿಯ ಕಣ್ಣುಗಳು ಊದಿಕೊಂಡಿದ್ದವು. ನಮ್ಮನ್ನು ಕಂಡು ಮತ್ತೆ ಅಳತೊಡಗಿದಳು.

"ಮೊದಲು ಬಟನ್. ಆಮೇಲೆ ಅಳು, ನಾನೂ ಅಳ್ತೀನಿ" ಎಂದರು ಆಂಟಿ.

ಅವಳು ಲ್ಯಾಪ್‌ಟಾಪ್ ತೆರೆದಳು. ಒತ್ತಿದಳು. ಪುಟ ಬಿಳಿಯಾಗಿ ನಿಂತುಬಿಟ್ಟಿತು. ಆಮೇಲೆ ಆರು ಇದ್ದಲ್ಲಿ ಒಂಬತ್ತು ಬಂತು. ನಾಲ್ಕು ನಲವತ್ತೊಂಬತ್ತು. ನಾನು ಗೋಡೆಗೆ ಒರಗಿ ಕೂತೇಬಿಟ್ಟೆ.

ಆಂಟಿ ಅವಳ ಪಕ್ಕ ಹಾಸಿಗೆಯ ಮೇಲೆ ಕೂತು ಕೇಳಿದರು: "ಕಷ್ಟ ಆಗ್ತಿದೆ ಅಂತ ನನಗೊಂದು ಮಾತು ಹೇಳಬಾರದಿತ್ತಾ?"

"ಸಿ ಬರೋದ್ರಲ್ಲಿತ್ತು ಮೇಡಂ. ಸಿ ಬಂದ್ರೆ ವಿಮಾನ ಅಂತ ತೋರಿಸಿದ್ರಲ್ಲ? ಕೋರ್ಸೇ ಇಲ್ದಿದ್ರೆ ಸಿ ಬರಲ್ಲ ಅಂತ ಬಿಟ್ಟೆ. ಅದೂ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಫೋನ್ ಮಾಡೋಣ ಅಂದ್ರೆ..." ಅವಳು ತಲೆ ತಗ್ಗಿಸಿದಳು. "ನಿಮ್ಮನ್ನ ಕಂಡ್ರೆ ತುಂಬಾ ಭಯ."

ಅಳಿಲಿಗೆ, ಲಾರಿಗೆ, ನನ್ನ ಕೆಮ್ಮಿಗೆ ಹೆದರುವ ಈ ಹೆಂಗಸಿಗೆ, ತನ್ನನ್ನು ಕಂಡು ಯಾರಾದರೂ ಹೆದರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಆಂಟಿ ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. ಅದು ಗಡಗಡ ನಡುಗುತ್ತಿತ್ತು.

"ನೋಡು. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ ಹೈವೇ ಮೇಲೆ ಬಂದೆ. ದಾರಿಯುದ್ದಕ್ಕೂ ಹೆದರ್ತಾನೇ ಬಂದೆ. ನೀನೂ ಹೆದರ್ಕೊಂಡೇ ಫೋನ್ ಮಾಡು, ಪರವಾಗಿಲ್ಲ. ಸಿ ಬಂದ್ರೆ ಬರಲಿ. ಒಂದು ಎಚ್ಚರಿಕೆ ಪತ್ರ ಬರತ್ತೆ, ಇಬ್ರೂ ಕೂತು ಉತ್ತರ ಬರೆಯೋಣ."

ನರ್ಸ್ ಅಲ್ಲವೇ, ಅವಳಿಗೆ ನಡುಗುವ ಕೈ ಹೊಸದಲ್ಲ. ಅಳು ನಿಲ್ಲಿಸಿ, ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು, ನಿಧಾನವಾಗಿ ಉಸಿರಾಡಿ ಮೇಡಂ ಎಂದಳು. ನಡುಕ ನಿಲ್ಲುವ ತನಕ ಬಿಡಲಿಲ್ಲ.