ಯಾವ ಆಪರೇಷನ್ ಅಂತ ಕೇಳಿದರೆ

ಆಸ್ಪತ್ರೆ ಕೌಂಟರಿನಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಟೋಕನ್ ತಗೊಂಡು ಬರುತ್ತದೆ. ಕಾಲೇಜು ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಶಿಕಾರಿಪುರದ ನನ್ನ ಮಗಳ ಆಸ್ಪತ್ರೆಯಲ್ಲಿ ನನ್ನದು ಕೌಂಟರಿನ ಕೆಲಸ. ಈ ಕಥೆಯ ಇಬ್ಬರು ಹೆಂಗಸರೂ, ಈಗ ತಮ್ಮಲ್ಲಿ ಗುಟ್ಟೇನೂ ಉಳಿದಿಲ್ಲವಾದ್ದರಿಂದ, ಹೆಸರು ಬಿಟ್ಟು ಬರೆಯಲು ಒಪ್ಪಿದ್ದಾರೆ.

೧. ಗುಟ್ಟು

ಸೊರಬದ ಕಡೆಯ ಟೀಚರಮ್ಮ ದಿನಾ ಹೊಸಬಾಳೆಯಿಂದ ಆನವಟ್ಟಿಗೆ ಸ್ಕೂಟರಿನಲ್ಲಿ ಓಡಾಡುವವರು. ಯೋನಿಯ ಒಳತುಟಿ ಉದ್ದವಾಗಿ, ಸೀಟಿಗೆ ಉಜ್ಜಿ ಹುಣ್ಣಾಗುತ್ತಿತ್ತು.

"ಚಂದಕ್ಕಾದರೆ ಬೇಡಮ್ಮ, ಒಬ್ಬೊಬ್ಬರದು ಒಂದೊಂದು ಥರ ಇರ್ತದೆ. ನೋವಿಗಾದರೆ ಮಾಡೋಣ," ಎಂದಳು ನನ್ನ ಮಗಳು. ಜಾಗ ಮರಗಟ್ಟಿಸಿ ಹೆಚ್ಚಿನ ಚರ್ಮ ತೆಗೆಯುವುದು, ತಾನೇ ಕರಗುವ ಹೊಲಿಗೆ, ಸಂಜೆಗೆ ಮನೆ. ಆಮೇಲೆ ಐಸು, ಸಡಿಲ ಬಟ್ಟೆ, ಕೆಲವು ವಾರ ಸ್ಕೂಟರ್ ಬಂದ್.

ಟೀಚರಮ್ಮನದು ಒಂದೇ ಷರತ್ತು. "ಅತ್ತೆಗೆ ಗೊತ್ತಾಗಬಾರದು ಸಾರ್. ಗೊತ್ತಾದರೆ ಆ ಮನೇಲಿ ತಲೆ ಎತ್ತಕ್ಕಾಗಲ್ಲ. ಅಪೆಂಡಿಕ್ಸ್ ಅಂದ್ಬಿಡಿ."

ಮಗಳು ನನ್ನ ಮುಖ ನೋಡಿದಳು. ಗುಟ್ಟು ಬಂದು ಬಿದ್ದದ್ದು ತಾಲ್ಲೂಕಿನಲ್ಲೇ ಹೆಚ್ಚು ಮಾತಾಡುವವನ ಮಡಿಲಿಗೆ.

೨. ಬ್ರೆಡ್ಡು, ಎಳನೀರು

ಆಪರೇಷನ್ ಅಂದಮೇಲೆ ನೋಡಲು ಜನ ಬರಲೇಬೇಕಲ್ಲ. ಬೆಳಿಗ್ಗೆ ಆಪರೇಷನ್ ಮುಗಿಯಿತು, ಮಧ್ಯಾಹ್ನದ ಬಸ್ಸಿಗೆ ಬ್ರೆಡ್ಡು, ಎಳನೀರು ಹಿಡಿದು ನೆಂಟರು ಇಳಿದರು. ಒಬ್ಬ ಚಿಕ್ಕಮ್ಮ ನನ್ನನ್ನು ಹಿಡಿದರು.

"ಅಪೆಂಡಿಕ್ಸ್ ಆದೋರು ಮಲಗಿರ್ತಾರಪ್ಪ. ಇವಳ್ಯಾಕೆ ಕೂರಕ್ಕೇ ಹೆದರ್ತಾಳೆ?"

"ಪೈಲ್ಸೂ ಇತ್ತು ಕಣಮ್ಮ, ಜೊತೆಗೇ ತೆಗೆದ್ವಿ," ಎಂದುಬಿಟ್ಟೆ.

ಪೈಲ್ಸಿಗೆ ಸುವರ್ಣಗಡ್ಡೆ ಒಳ್ಳೇದಂತೆ. ಫೋನು ಓಡಿತು, ಬೈಕುಗಳು ಬಂದವು. ಸಂಜೆಯೊಳಗೆ ಆ ರೂಮಿನಲ್ಲಿ ರೋಗಿಗಿಂತ ಗಡ್ಡೆಗಳೇ ಹೆಚ್ಚು ಜಾಗ ಹಿಡಿದಿದ್ದವು.

೩. ಅತ್ತೆ

ಕೊನೆಗೆ ಅತ್ತೆಯವರೇ ಬಂದರು. ಕುರಿ ಸಾಕುವವರು, ಒಂದು ಕುರಿ ಕುಂಟಿದರೂ ದೂರದಿಂದಲೇ ಕಂಡುಹಿಡಿಯುವ ಕಣ್ಣು.

"ಅಪೆಂಡಿಕ್ಸಿನ ಗಾಯ ಎಲ್ಲೈತೆ, ತೋರಿಸು."

ಹೊಟ್ಟೆಯ ಮೇಲೆ ಒಂದು ಪಟ್ಟಿಯೂ ಇಲ್ಲ. ಟೀಚರಮ್ಮ ಅಳುತ್ತಾ ಎಲ್ಲ ಹೇಳಿಬಿಟ್ಟರು. ಬಾಗಿಲಲ್ಲಿದ್ದ ನಾನು ಜಾಗ ಖಾಲಿ ಮಾಡಲು ನೋಡಿದೆ.

"ಅಷ್ಟೇನಾ? ಅದಕ್ಯಾಕೆ ಅಳ್ತಿ? ಎಳನೀರು ಕುಡಿ," ಎಂದರು ಅತ್ತೆ. ಸೊಸೆಯ ಕಣ್ಣು ಒರೆಸಿ, ಬಾಗಿಲು ಎಳೆದುಕೊಂಡು ನನ್ನ ಹಿಂದೆಯೇ ಕೌಂಟರಿಗೆ ಬಂದರು. ಅತ್ತಿತ್ತ ನೋಡಿ ದನಿ ಇಳಿಸಿದರು.

"ಮೇಷ್ಟ್ರೇ, ಪ್ರಾಯದಿಂದ ನಂಗೂ ಅದೇ ಬಾಧೆ ಕಣ್ರೀ. ಡಾಕ್ಟ್ರಮ್ಮಂಗೆ ಹೇಳಿ ನಂಗೊಂದು ದಿನ ಗೊತ್ತು ಮಾಡ್ರಿ. ಸೊಸೆಗೆ ಮಾತ್ರ ತಿಳೀಬಾರದು. ಕೇಳಿದ್ರೆ ಪೈಲ್ಸ್ ಅನ್ರಿ. ಗಡ್ಡೆ ಹೆಂಗೂ ಐತಲ್ಲ."