ನಾನು ಮೂರು ಸಲ ಸತ್ತ ಭಾನುವಾರ

ಆ ಭಾನುವಾರ ನಾನು ರಂಗದ ಮೇಲೆ ಮೂರು ಸಲ ಸತ್ತೆ ಎಂದು ನನ್ನ ದಿನಚರಿಯಲ್ಲಿದೆ. ನನ್ನ ಗಂಡ ನಾಲ್ಕು ಸಲ ಎನ್ನುತ್ತಾರೆ. ಉಟ್ಟಿದ್ದ ಸೀರೆ ಹಸಿರೋ ನೀಲಿಯೋ, ಅದೂ ಖಚಿತವಿಲ್ಲ. ನನ್ನ ನೆನಪಿಗೆ ನನ್ನ ಪರವಾಗಿ ಸಾಕ್ಷಿ ಹೇಳುವ ಚಟವಿದೆ. ಸ್ವಲ್ಪ ಸೋಸಿಕೊಂಡು ಓದಿ.

ಪಾಂಡವಪುರದ ನಮ್ಮ ಬೀದಿಯ ಹೆಂಗಸರ ಸಂಘದವರು ನಾಟಕ ಆಡುವುದೆಂದು ತೀರ್ಮಾನವಾಯಿತು. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ತಾವೇ ಬರೆದ ಕಥೆ. ಸವತಿ ಕೊಟ್ಟ ವಿಷ ಕುಡಿದು ರಾಣಿ ಸಾಯುತ್ತಾಳೆ. ರಾಣಿ ನಾನು. ಎಂ.ಎ. ಓದಿದವಳಿಗೆ ಸಾಯಲು ಬಾರದೇ?

ನಮ್ಮತ್ತೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು: "ನಾಟ್ಕ ಅಂದ್ರೆ ನೋಡ್ದೋರ ಕಣ್ಣಲ್ಲಿ ನೀರು ಬರ್ಬೇಕು ಕಣವ್ವ. ಓದ್ದೋರ ಕೈಲಿ ಅದಾಗಕಿಲ್ಲ ಬುಡು."

ಅತ್ತೆ ಸುತ್ತಲ ಹಳ್ಳಿಗಳ ನಾಟಕಗಳನ್ನೆಲ್ಲ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ನೋಡಿದವರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಒಂದು ಕೆಲಸವನ್ನೂ ಹೊಗಳಿದ ನೆನಪಿಲ್ಲ. (ನನ್ನ ನೆನಪೇ ತಪ್ಪಿರಬಹುದು. ಇರಲಾರದು.) ಅಂದೇ ಪಣ ತೊಟ್ಟೆ: ಅತ್ತೆಯ ಕಣ್ಣಿಂದ ಒಂದು ಹನಿ! ಒಂದೇ ಒಂದು!

ಒಂದು ತಿಂಗಳು ತಾರಸಿಯ ಮೇಲೆ ಸತ್ತು ಸತ್ತು ಅಭ್ಯಾಸ ಮಾಡಿದೆ. "ಎಡಕ್ಕೆ ಬೀಳು, ಬಲಕ್ಕೆ ಹಪ್ಪಳ ಒಣಗಾಕವ್ರೆ" ಎಂದು ಗಂಡ ಮಾರ್ಗದರ್ಶನ ನೀಡಿದರು. ಮೇಷ್ಟ್ರದು ಒಂದೇ ಕಟ್ಟಪ್ಪಣೆ: "ಸೀನಿನ ಮಧ್ಯೆ ನೆಂಟರು ಬಂದು ಹಾರ ಹಾಕಿದ್ರೆ ಆಟ ನಿಲ್ಸಿ ಕೈ ಮುಗೀಬೇಕಮ್ಮ. ಜನ ಕೊಟ್ಟ ಮರ್ಯಾದೆ ತಗೋಬೇಕು." ತಲೆಯಾಡಿಸಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ನಾಗಮಂಗಲದ ನಾದಿನಿ ಸುಧಾಗೆ ಫೋನು ಮಾಡಿ, "ಹಾರ ತರೋದಾದ್ರೆ ನಾನು ಸಾಯೋ ಸೀನಿಗೇ ತಾ, ಅದೇ ಚೆನ್ನಾಗಿರೋದು" ಎಂದೆ. ಬುದ್ಧಿವಂತೆ!

ಭಾನುವಾರ ಮಧ್ಯಾಹ್ನ. ಪರದೆ ಏಳುವ ಮುನ್ನ ಸಂದಿನಿಂದ ಇಣುಕಿದೆ. ಬಣ್ಣ ಹಚ್ಚಿ ಒಡವೆ ಹೇರಿಕೊಂಡಿದ್ದರೂ, ಅಷ್ಟು ಜನರ ಎದುರು ಮೈಮೇಲೆ ಏನೂ ಇಲ್ಲದಂತೆ ನಾಚಿಕೆ. ಆದರೆ ಮೊದಲ ಹಾಡಿಗೆ ಶಿಳ್ಳೆ ಬಿತ್ತು ನೋಡಿ, ಅಯ್ಯೋ ಆ ಸುಖ! ಇಡೀ ಪಾಂಡವಪುರ ನನ್ನದೇ ರಾಜ್ಯ ಅನ್ನಿಸಿತು.

ವಿಷದ ಲೋಟದಲ್ಲಿ ನೀರಿರಬೇಕಿತ್ತು. ಗಂಟಲಿಗೆ ಒಳ್ಳೆಯದೆಂದು ಗಂಡ ಕಬ್ಬಿನ ಹಾಲು ತುಂಬಿಸಿಟ್ಟಿದ್ದರು. ನೀರಲ್ಲವೆಂದು ಬೆಚ್ಚಿ ಅರ್ಧ ಕೊರಳ ಮೇಲೆ ಚೆಲ್ಲಿಕೊಂಡೆ. "ಮಹಾರಾಜಾ..." ಎಂದು ಬಿದ್ದೆ. ಮುಂದಿನ ಸಾಲಿನಲ್ಲೇ ಅತ್ತೆ! ಅರೆಗಣ್ಣಿನಲ್ಲಿ ನೋಡುತ್ತೇನೆ: ಅತ್ತೆಯ ತುಟಿ ಅದುರುತ್ತಿದೆ. ಬಂತು, ಹನಿ ಬಂತು...

"ತಡೀರಿ! ತಡೀರಿ! ಬಸ್ಸು ಲೇಟಾಗ್ಬುಡ್ತು!"

ಸುಧಾ! ತೋಳುದ್ದದ ಸುಗಂಧರಾಜದ ಹಾರ ಹೊತ್ತು ಸ್ಟೇಜು ಹತ್ತಿದಳು. ಕಣ್ಣು ಮುಚ್ಚಿಕೊಂಡೆ. ಹೆಣಕ್ಕೇ ಹಾಕಿ ಹೋಗಲಿ, ಸನ್ನಿವೇಶಕ್ಕೂ ಒಪ್ಪುತ್ತದೆ!

"ಮಲಗಿರೋರಿಗೆ ಹಾರ ಹಾಕಕ್ಕಾಯ್ತದಾ? ಥೂ, ಅಪಶಕುನ! ಏಳಿ ಅತ್ತಿಗೆ."

"ಏಳಮ್ಮ, ಮರ್ಯಾದೆ!" ಎಂದರು ಮೇಷ್ಟ್ರು.

ರಾಣಿ ಎದ್ದಳು. ಕೈ ಮುಗಿದಳು. ಮತ್ತೆ "ಮಹಾರಾಜಾ" ಎಂದು ಸತ್ತಳು.

ಕೊರಳಲ್ಲಿ ಹೂವು, ಹೂವಿನಡಿ ಕಬ್ಬಿನ ಹಾಲು. ನೊಣಗಳಿಗೆ ಇನ್ನೇನು ಬೇಕು? ಒಂದು ನನ್ನ ಮೂಗಿನ ಮೇಲೇ ಕೂತಿತು. ಸತ್ತವರಿಗೆ ನೊಣ ಓಡಿಸುವ ಅಧಿಕಾರವಿಲ್ಲ. ಮೆಲ್ಲಗೆ ಊದಿದೆ. ಕದಲಲಿಲ್ಲ. ಸೀನಿಬಿಟ್ಟೆ!

"ಒನ್ಸ್ ಮೋರ್!" ಎಂದು ಹಿಂದಿನಿಂದ ಕೂಗು. ಮೇಷ್ಟ್ರು ಶ್ರುತಿ ಹಿಡಿದೇಬಿಟ್ಟರು. ಮತ್ತೆ ಎದ್ದೆ. ಲೋಟದಲ್ಲಿ ವಿಷ ಮುಗಿದಿತ್ತು. ಬರೀ ಗಾಳಿ ಕುಡಿದು ಮೂರನೆಯ ಸಲ ಸತ್ತೆ. ಗಾಬರಿಯಲ್ಲಿ ಒಂದು ಹೆಜ್ಜೆ ಮುಂದೆ ಬಿದ್ದೆ. ಪರದೆ ಇಳಿಯಿತು. ಕಾಲು ಒಳಗೆ. ತಲೆ ಹೊರಗೆ!

"ಏಯ್, ತಲೆ ಒಳಕ್ಕೆ ಎಳ್ಕೊಳೇ!" ಎಂದು ಪಕ್ಕದಿಂದ ಗಂಡ ಕಿರುಚಿದರು. ಹೆಣ ತೆವಳಿಕೊಂಡು ಒಳಗೆ ಹೋಯಿತು. ಗಂಡ ಎಣಿಸುವ ನಾಲ್ಕನೆಯ ಸಾವು ಬಹುಶಃ ಇದೇ.

ತಲೆ ಒಳಗೆ ಸೇರುವ ಮುನ್ನ ಅತ್ತೆಯನ್ನು ನೋಡಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು, ಅಳುವಿಗೋ ನಗುವಿಗೋ. ಮನೆಗೆ ಬಂದಾಗ ಸೆರಗು ಒದ್ದೆಯಾಗಿತ್ತು. ಇದರಲ್ಲಿ ನೆನಪಿನ ತಪ್ಪಿಲ್ಲ, ಮುಟ್ಟಿ ನೋಡಿದ್ದೇನೆ.

ಮರುದಿನ ಬೆಳಿಗ್ಗೆ ಕೇಳಿದೆ. ಅತ್ತೆ ಸೊಪ್ಪಿನ ಕಂತೆ ನನ್ನತ್ತ ತಳ್ಳಿ, "ಬಿಡ್ಸು" ಎಂದರು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಮನೆಯಲ್ಲಿ ಸೊಪ್ಪಿನ ಸಾರು ಹೆಚ್ಚಾಗಿದೆ. ಪ್ರಶ್ನೆ ಮಾತ್ರ ಅದೇ:

"ಅತ್ತೆ, ನಿಮ್ಮ ಕಣ್ಣಲ್ಲಿ ನೀರು ಬಂದದ್ದು ನಾನು ಮೊದಲ ಸಲ ಸತ್ತಾಗಲೋ, ಕೊನೇ ಸಲವೋ?"